ದೀಪಾವಳಿಗೆ ಮೊದಲು ಬಂದ ಮೀನುಗಳು

ಹಣೆಯ ತುಂಬ ಮೂರೆಳೆ ವಿಭೂತಿ, ಅದರ ಮೇಲೆ ಕಿವಿ ಮುಚ್ಚುವ ಉಲ್ಲನ್ ಟೋಪಿ, ಕೆಳಗೆ ಎದೆಯವರೆಗೂ ಬರುವ ಹಸಿರು ರಬ್ಬರ್ ಉಡುಪು. ನಾನು ಅಕ್ಕಾರನ್ನು ಮೊದಲ ಸಲ ಕಂಡದ್ದು ಈ ವೇಷದಲ್ಲಿ. ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ ನಮ್ಮ ಹೊಸ ಮನೆಯ ಮುಂದೆ, ತಮ್ಮ ಕಾರಿನ ಡಿಕ್ಕಿಯ ಅಂಚಿನ ಮೇಲೆ ಕೂತು, ಆ ಉಡುಪಿನಿಂದ ಕಾಲು ಬಿಡಿಸಿಕೊಳ್ಳಲು ಹೆಣಗುತ್ತಿದ್ದರು. ಕೈಬೆರಳುಗಳು ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿದ್ದವು. ನನ್ನನ್ನು ನೋಡಿದವರೇ, “ಏ ತಂಗಿ, ಕನ್ನಡದಾಕಿ ಅಲ್ಲೇನು ನೀ? ಮುಂಜಾನೆ ಫೋನಿನ್ಯಾಗ ಅವ್ವನ ಕೂಡ ಜಗಳ ಆಡ್ಲಿಕತ್ತಿದ್ದಿ, ಗ್ವಾಡಿ ದಾಟಿ ಕೇಳಿಸ್ತು. ಬಾ ಇಲ್ಲಿ, ಈ ಕಾಲು ಜಗ್ಗು,” ಎಂದರು. ಜಗ್ಗಿದೆ. ಉಡುಪು ಒಮ್ಮೆಗೇ ಕಿತ್ತುಬಂದು ನಾನು ಫುಟ್‌ಪಾತಿನ ಮೇಲೆ ಕುಕ್ಕರಿಸಿದೆ. ಎಬ್ಬಿಸುವುದು ಬಿಟ್ಟು ಅಕ್ಕಾರು ಬಿದ್ದು ಬಿದ್ದು ನಕ್ಕರು.

ನಮ್ಮಿಬ್ಬರದು ಒಂದೇ ಗೋಡೆ ಹಂಚಿಕೊಂಡ ಜೋಡಿ ಮನೆ. ಅವರು ಧಾರವಾಡದ ಕಡೆಯ ಲಿಂಗಾಯತರು, ನಾನು ಮೈಸೂರಿನವಳು. ಅವರ ಊರಿನ ಕಡೆ ಅಕ್ಕಾರು ಎಂದರೆ ಶಾಲೆಯ ಟೀಚರಮ್ಮ. ಇವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ, ಆದರೂ ಮ್ಯಾಂಚೆಸ್ಟರಿನ ಸುತ್ತಲಿನ ಕನ್ನಡಿಗರಿಗೆಲ್ಲ ಅವರು ಅಕ್ಕಾರೇ. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದರು. ಒಬ್ಬನೇ ಮಗ, ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ಡಾಕ್ಟರು. ಶನಿವಾರ ಬೆಳಿಗ್ಗೆ ಗೋಡೆಯ ಆ ಕಡೆಯಿಂದ ಪಟಪಟ ಸದ್ದು ಶುರುವಾದರೆ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ ಎಂದರ್ಥ. ಸದ್ದು ನಿಂತ ಸ್ವಲ್ಪ ಹೊತ್ತಿಗೆ ನಾನು ನಾಚಿಕೆಯಿಲ್ಲದೆ ಅವರ ಬಾಗಿಲು ತಟ್ಟುತ್ತಿದ್ದೆ. ಕನ್ನಡ ಸಂಘದ ಸಭೆಗಳಲ್ಲಿ ಅವರು ನಮ್ಮ ಹಾಗೆ ಬೆಂಗಳೂರಿನ ಕನ್ನಡ ಆಡುತ್ತಿದ್ದರು. ಅಡುಗೆಮನೆಯಲ್ಲಿ ಮಾತ್ರ ತಮ್ಮ ಭಾಷೆ.

ಅವರ ಕೆಲಸ ಮೀನಿನದು. ಲ್ಯಾಂಕಾಶೈರಿನ ಒಂದು ನದಿಯ ದಡದಲ್ಲಿ ಸಾಲ್ಮನ್ ಮರಿ ಮಾಡುವ ಹ್ಯಾಚರಿಗೆ ಅವರು ಮುಖ್ಯಸ್ಥೆ. ನದಿಯ ಹೆಸರು ಹೇಳುವುದಿಲ್ಲ, ಅಲ್ಲಿ ಗಾಳ ಹಾಕುವ ಜನ ಇನ್ನೂ ಇದ್ದಾರೆ, ನನ್ನನ್ನು ಕಂಡರೆ ಮಾತಾಡಿಸುತ್ತಾರೆ. ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟದ ಮನೆತನದ ಹೆಂಗಸು ಸಾವಿರಾರು ಮೀನುಗಳ ಹೊಟ್ಟೆ ನೀವಿ ತತ್ತಿ ತೆಗೆದಿದ್ದರು. ಸಂಘದ ಹಿರಿಯರಿಗೆ ಇದನ್ನು ಹೇಳಲು ಬಾಯಿ ಬಾರದು. ಯಾರಾದರೂ ಹೊಸಬರು ಕೇಳಿದರೆ “ಅವರು ನೀರಿನ ಇಲಾಖೆಯಲ್ಲಿದ್ದಾರೆ” ಎಂದು ಮಾತು ತೇಲಿಸುತ್ತಿದ್ದರು. ಅಕ್ಕಾರು ಇದಕ್ಕೂ ನಗುತ್ತಿದ್ದರು. “ಸುಳ್ಳೇನಲ್ಲ ಬಿಡು. ಇಡೀ ದಿನಾ ನೀರಾಗ ನಿಂದರ್ತೀನಿ.” ನೀವು ಒಂದು ದಿನವೂ ರುಚಿ ನೋಡಲಿಲ್ಲವೇ ಎಂದು ಕೇಳಿದ್ದಕ್ಕೆ, “ಗುರ್ತಿದ್ದಾವರನ್ನ ಹೆಂಗ ತಿನ್ನೂದವಾ?” ಎಂದಿದ್ದರು.

ಸಾಲ್ಮನ್ ಮೀನು ಹುಟ್ಟುವುದು ನದಿಯಲ್ಲಿ, ಬೆಳೆಯುವುದು ಸಮುದ್ರದಲ್ಲಿ, ಮೊಟ್ಟೆಯಿಡಲು ಮತ್ತೆ ಹುಟ್ಟಿದ ನದಿಗೇ ವಾಪಸು ಬರುತ್ತದೆ. ಹಾಗೆ ಬರುವಾಗ ಒಡ್ಡಿನ ಬಳಿ ಪಂಜರ ಇಟ್ಟು ಕೆಲವನ್ನು ಹಿಡಿಯುವುದು, ತೊಟ್ಟಿಯಲ್ಲಿ ಸಾಕಿ ತತ್ತಿ ತೆಗೆಯುವುದು, ಮರಿಗಳನ್ನು ನದಿಗೂ ಅದಕ್ಕೆ ಸೇರುವ ಹಳ್ಳಗಳಿಗೂ ಬಿಡುವುದು, ಇಷ್ಟು ಹ್ಯಾಚರಿಯ ಕೆಲಸ. ಅಕ್ಕಾರು ವಹಿಸಿಕೊಂಡ ಮೇಲೆ ಮೊದಮೊದಲು ನದಿ ತುಂಬಿತು. ಗಾಳದವರು ಖುಷಿಯಾದರು, ಸ್ಥಳೀಯ ಪತ್ರಿಕೆಯಲ್ಲಿ ಫೋಟೋ ಬಂತು. ಹೊಗಳಿಕೆ ಎಂದರೆ ಅಕ್ಕಾರಿಗೆ ಪ್ರಾಣ. ಆ ಫೋಟೋಗೆ ಕಟ್ಟು ಹಾಕಿಸಿ, ಒಳಗೆ ಬಂದವರ ಕಣ್ಣಿಗೆ ಬೀಳುವ ಹಾಗೆ ಮೆಟ್ಟಿಲ ಬಳಿ ತೂಗುಹಾಕಿದ್ದರು. ನೋಡದೆ ಹೋದರೆ “ಅಲ್ಲೇ ಸ್ವಲ್ಪ ನಿಂದ್ರು, ಲೈಟ್ ಹಾಕ್ತೀನಿ,” ಎನ್ನುವರು.

ಅವರಿಗೆ ಇನ್ನೊಂದು ಪ್ರಾಣವೆಂದರೆ ದೀಪಾವಳಿ. ಸಂಘದ ಕಾರ್ಯದರ್ಶಿಯಾಗಿ ಎಷ್ಟೋ ವರ್ಷ ಹಬ್ಬದ ಕಾರ್ಯಕ್ರಮವನ್ನು ಅವರೇ ಹೊತ್ತಿದ್ದರು. ಹಾಲ್ ಬುಕ್ ಮಾಡುವುದು, ಮಕ್ಕಳಿಗೆ ವಚನ ಕಲಿಸುವುದು, ಇನ್ನೂರು ಜನಕ್ಕೆ ಹೋಳಿಗೆ, ಎಲ್ಲ ಅವರದೇ. ನಾವು ಹೊಸ ಬಟ್ಟೆ ಹಾಕಿಕೊಂಡು ಹೋಗಿ ಹೋಳಿಗೆಗೆ ತುಪ್ಪ ಕಡಿಮೆಯಾಯಿತು ಎನ್ನುತ್ತಿದ್ದೆವು. ಆದರೆ ಮೀನು ಬರುವ ಕಾಲವೂ ಹಬ್ಬದ ಕಾಲವೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಸಾಲ್ಮನ್ ಒಂದೇ ಸಲ ದಿಬ್ಬಣದ ಹಾಗೆ ಬರುವುದಿಲ್ಲ. ಬೇಸಿಗೆಯಿಂದ ಶುರುವಾಗಿ ಕ್ರಿಸ್‌ಮಸ್ ದಾಟಿದರೂ ಒಂದೊಂದು ಹಳ್ಳದ ಮೀನು ಒಂದೊಂದು ಹೊತ್ತಿಗೆ ಬರುತ್ತಿರುತ್ತದೆ. ಕೊನೆಯವರೆಗೂ ಪಂಜರ ಕಾಯಬೇಕು. ಅಕ್ಕಾರು ಕಾಯಲಿಲ್ಲ. ಹಬ್ಬಕ್ಕೆ ಮೊದಲೇ ಬಂದವನ್ನು ಹಿಡಿದು ತೊಟ್ಟಿಗಳನ್ನೆಲ್ಲ ತುಂಬಿಸಿ, ಪಂಜರ ಎತ್ತಿಸಿ, ಕೆಲಸದ ಹುಡುಗರಿಗೆ ಥ್ಯಾಂಕ್ಸ್ ಹೇಳಿ ಮ್ಯಾಂಚೆಸ್ಟರಿಗೆ ಬಂದುಬಿಡುತ್ತಿದ್ದರು. ಲೆಕ್ಕಕ್ಕೆ ಬೇಕಾದಷ್ಟು ತತ್ತಿ ಸಿಗುತ್ತಿತ್ತು, ಯಾರೂ ಕೇಳಲಿಲ್ಲ. ಪ್ರತಿ ವರ್ಷವೂ ಹೀಗೆಯೇ ನಡೆಯಿತು.

ಆಮೇಲೆ ಎರಡು ಬೇಸಿಗೆ ಒಂದರ ಹಿಂದೊಂದು ಮಳೆಯಿಲ್ಲದೆ ಹೋದವು. ನದಿ ತೆಳ್ಳಗಾಗಿ ನೀರು ಬಿಸಿಯಾಯಿತು. ಬಂದ ಮೀನುಗಳು ಒಡ್ಡು ಹತ್ತಲಾಗದೆ ಅದರ ಕೆಳಗೆ ಒತ್ತಾಗಿ ನಿಂತು, ಉಸಿರುಗಟ್ಟಿ ಹೊಟ್ಟೆ ಮೇಲಾಗಿ ತೇಲಿದವು. ಚಳಿಗಾಲದಲ್ಲಿ ಮಳೆ ಬಂತು, ನದಿ ತುಂಬಿ ಹರಿಯಿತು, ಆದರೆ ಹತ್ತಿ ಬರಲು ಮೀನೇ ಇರಲಿಲ್ಲ. ಹ್ಯಾಚರಿ ಮುಚ್ಚಿತು. ಅಕ್ಕಾರು ನಿವೃತ್ತರಾದರು. ಎಲ್ಲರೂ ಹವೆಯನ್ನು ಬೈದರು, ನಾನೂ ಬೈದೆ. ಅಕ್ಕಾರು ಮಾತ್ರ ಆ ಮಾತು ಬಂದಾಗ ಎದ್ದು ಹೋಗಿ ಚಹಾಕ್ಕಿಡುತ್ತಿದ್ದರು. ಗೋಡೆಯ ಮೇಲಿನ ಫೋಟೋ ಯಾವಾಗ ಕೆಳಗಿಳಿಯಿತೋ ನಾನು ಗಮನಿಸಲಿಲ್ಲ.

ಒಂದು ಜನವರಿ ಭಾನುವಾರ ಅವರು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಆ ನದಿಯ ಮೂಲದ ಕಡೆ ಹೋದರು. ಕುರಿ ಮೇಯುವ ಬೋಳು ಗುಡ್ಡ, ನಡುವೆ ನಾಲ್ಕು ಹೆಜ್ಜೆಗೆ ದಾಟಬಹುದಾದ ಒಂದು ಹಳ್ಳ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. “ಅಲ್ಲಿ ನೋಡು, ಸದ್ದು ಮಾಡಬ್ಯಾಡ,” ಎಂದು ತೋರಿಸಿದರು. ಎಷ್ಟೋ ಹೊತ್ತು ನನಗೆ ಕಲ್ಲೇ ಕಂಡವು. ಆಮೇಲೆ ಒಂದು ಕಲ್ಲು ಬಾಲ ಬಡಿಯಿತು. ಎರಡು ಮೀನು, ಒಂದು ಇನ್ನೊಂದರ ಪಕ್ಕದಲ್ಲಿ. ಬೆನ್ನು ನೀರಿನಿಂದ ಹೊರಗೆ ಕಾಣುತ್ತಿತ್ತು.

“ಎಲ್ಲಾರೂ ಬಂದು ಹೋದ ಮ್ಯಾಲ ಬರೂವು ಇವು,” ಎಂದರು ಅಕ್ಕಾರು. “ನದಿಯಾಗ ತಡಾ ಮಾಡಿ ಬರೂ ಮಂದಿ ಇಷ್ಟ ಉಳಿದಾವ. ಈ ಒಂದ ಹಳ್ಳದಾಗ. ಬಾಕಿ ಹಳ್ಳದವನ್ನೆಲ್ಲ ನಾನ ತಗದೆ.”

“ಅದು ಹವೆಯಿಂದ ಅಲ್ವಾ ಅಕ್ಕಾರೆ?”

“ಹವಾ ಅಂತ ನೀವು ಅಂತೀರಿ. ನನ್ನ ಮಗನ ವಾರ್ಡಿನ ಪಾಳಿ ಪಟ್ಟಿ, ಆ ರೋಟಾ ನೋಡೀಯಲ್ಲ? ದೀಪಾವಳಿಗೆ ಒಬ್ಬರು ರಜಾ ತಗೊಂಡ್ರ ಇನ್ನೊಬ್ಬರು ಕ್ರಿಸ್‌ಮಸ್ಸಿಗೆ, ಮತ್ತೊಬ್ಬರು ಈದಿಗೆ. ಎಲ್ಲಾ ಡಾಕ್ಟರು ಒಂದ ದಿನಾ ಮನಿಗೆ ಹೋದ್ರ ಪೇಶಂಟಿನ ಗತಿ ಏನು? ಈ ನದಿಗೂ ಹಂಗ ಒಂದು ರೋಟಾ ಇತ್ತು. ಬ್ಯಾಸಗಿ ಕೆಟ್ರ ಚಳಿಗಾಲದಾವು ಇರ್ತಿದ್ದು. ಚಳಿಗಾಲದಾಗ ಹೊಳಿ ಉಕ್ಕಿ ತತ್ತಿ ಕೊಚ್ಚಿಕೊಂಡು ಹೋದ್ರ ಮೊದಲ ಬಂದಾವು ಪಾರಾಗ್ತಿದ್ದು. ನಾ ಏನು ಮಾಡಿದೆ? ಎಲ್ಲಾರನ್ನೂ ಒಂದ ಪಾಳಿಗೆ ಹಾಕಿದೆ. ಹಬ್ಬದ ಮೊದಲು ಬಂದಾವರ ಮಕ್ಕಳು ಹಬ್ಬದ ಮೊದಲ ಬರ್ತಾವ, ಗುಣಾ ಹಂಗ ಇರ್ತೈತಿ. ಅವರ ಮರಿ ಎಲ್ಲಾ ಹಳ್ಳಕ್ಕೂ ಬಿಟ್ಟೆ.”

“ತಡವಾಗಿ ಬಂದವು ತಾವೇ ಮೊಟ್ಟೆ ಇಡ್ತಿದ್ವಲ್ಲ, ನೀವು ಅವನ್ನ ಮುಟ್ಟಲಿಲ್ವಲ್ಲ?”

“ಮುಟ್ಟಲಿಲ್ಲ. ನೀ ಮುಂಜಾನೆ ಪಿಕಡಿಲಿ ಟ್ರೇನಿಗೆ ತಡಾ ಹತ್ತಿದ್ರ ನಿನಗ ಸೀಟು ಸಿಗತೈತೇನು? ತಡಾ ಹುಟ್ಟಿದ ಮರಿ ಕಣ್ಣ ತಗಿಯೂದ್ರಾಗ ನಮ್ಮ ಹ್ಯಾಚರಿ ಮರಿ ಜಾಗಾ ಹಿಡದು ಕುಂತಿರ್ತಿದ್ದು. ತಡಾದಾವು ಉಪಾಸ ಸತ್ತು.” ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡರು. “ಹೋಳಿಗಿ ಮಾಡೂ ಗಡಿಬಿಡಿಯೊಳಗ ಮಾಡೀನವಾ ಇದನ್ನ. ಯಾರಿಗಿ ಹೇಳಲಿ? ನಾಚಿಕಿ ಬರತೈತಿ.”

ಅವರ ಹೋಳಿಗೆಯನ್ನು ಎರಡೆರಡು ಸಲ ಬಡಿಸಿಕೊಂಡವಳು ನಾನು.

ಅದಾದ ಮುಂದಿನ ವರ್ಷ ನದಿಯ ಟ್ರಸ್ಟಿನವರು ಚಂದಾ ಎತ್ತಿ ಹೊಸ ಹ್ಯಾಚರಿ ಕಟ್ಟಿಸಿದರು. ಅದಕ್ಕೆ ಅಕ್ಕಾರ ಹೆಸರು ಇಡುವುದೆಂದು ತೀರ್ಮಾನವಾಯಿತು. ಲ್ಯಾಂಕಾಶೈರಿನ ಕಟ್ಟಡವೊಂದರ ಮೇಲೆ ಕನ್ನಡತಿಯ ಹೆಸರು! ಸಂಘದಲ್ಲಿ ಸುದ್ದಿ ಹಬ್ಬಿದ್ದೇ ತಡ, ‘ನೀರಿನ ಇಲಾಖೆ’ ಎನ್ನುತ್ತಿದ್ದ ಹಿರಿಯರೆಲ್ಲ ಒಮ್ಮೆಗೇ ಮೀನು ತಜ್ಞರಾದರು. ಸಮಾರಂಭಕ್ಕೆ ಹೋಗಲು ಒಂದು ಕೋಚ್ ಬಸ್ಸು ಗೊತ್ತುಮಾಡಿದರು. ಅಕ್ಕಾರು ಊರಿನಿಂದ ಹೊಸ ಇಳಕಲ್ ಸೀರೆ ತರಿಸಿಕೊಂಡರು. ತರಿಸಿಕೊಂಡರು ಎಂಬುದನ್ನು ಬಚ್ಚಿಡುವುದಿಲ್ಲ, ಅವರಿಗೆ ಆ ಹೆಸರು ನಿಜಕ್ಕೂ ಬೇಕಿತ್ತು. ಸೀರೆಯನ್ನು ಎರಡು ಸಲ ನನ್ನೆದುರು ಮೈಮೇಲೆ ಹಿಡಿದು ನೋಡಿಕೊಂಡರು.

ಆಮೇಲೆ ಟ್ರಸ್ಟಿನವರ ಯೋಜನೆ ಕೈಗೆ ಬಂತು. ಮುಖ್ಯ ನದಿಯಲ್ಲಿ ಅಳಿದುಳಿದ, ಬೇಗ ಬರುವ ಮೀನಿನ ಮರಿಗಳನ್ನು ಎಲ್ಲ ಹಳ್ಳಗಳಿಗೂ ಬಿಡುವುದು, ಮೊದಲನೆಯದಾಗಿ ಆ ಗುಡ್ಡದ ಹಳ್ಳಕ್ಕೆ, ಏಕೆಂದರೆ ಅಲ್ಲಿ ಮೀನು ಕಡಿಮೆ. ತಪ್ಪು ನನ್ನದು, ಆ ಹಳ್ಳ ಮುಟ್ಟಬೇಡಿ ಎಂದು ಅಕ್ಕಾರು ಪತ್ರ ಬರೆದರು, ಫೋನು ಮಾಡಿದರು. ನಿಮ್ಮ ವಿನಯ ದೊಡ್ಡದು ಎಂದು ಉತ್ತರ ಬಂತು. ಕಟ್ಟಡ ಎದ್ದಿದೆ, ಚಂದಾ ಕೊಟ್ಟವರು ಕಾಯುತ್ತಿದ್ದಾರೆ, ಈಗ ಹಿಂದೆ ಸರಿಯುವುದು ಹೇಗೆ ಎಂದೂ ಅದರಲ್ಲಿತ್ತು.

“ಸುಮ್ನೆ ಹೋಗಿ ಹಾರ ಹಾಕಿಸ್ಕೊಂಡು ಬನ್ನಿ, ಆಮೇಲೆ ನಿಧಾನವಾಗಿ ಹೇಳಿದ್ರಾಯ್ತು,” ಎಂದೆ ನಾನು.

“ಮರಿ ಮಾರ್ಚಿನ್ಯಾಗ ಬಿಡ್ತಾರ ತಂಗಿ. ನಿಧಾನ ಎಲ್ಲಿಂದ ತರಲಿ?” ಎಂದರು.

ಸಮಾರಂಭ ಆ ಊರಿನ ಚರ್ಚ್ ಹಾಲಿನಲ್ಲಿ. ಮುಂದಿನ ಎರಡು ಸಾಲು ನಾವು ಕನ್ನಡಿಗರು, ರೇಷ್ಮೆ ಸೀರೆ, ಮೈಸೂರು ಪೇಟ ಸಮೇತ. ಹಿಂದೆ ಗಾಳದ ಕ್ಲಬ್ಬಿನವರು. ವೇದಿಕೆಯ ಮೇಲೆ ಟ್ರಸ್ಟಿನ ಮುಖಂಡರಾದ ಮುದುಕರು, ನದಿ ಸಮುದ್ರ ಸೇರುವಲ್ಲಿ ತಲೆತಲಾಂತರದಿಂದ ಬಲೆ ಹಾಕುತ್ತಿದ್ದ ಮನೆಯವರು. ಮೀನು ನಿಂತ ಮೇಲೆ ಬಲೆಯೂ ನಿಂತಿತ್ತು. ಅವರು ಒಂದು ಮಾತು ಹೇಳಿದರು: “ನಮ್ಮಪ್ಪನ ಕಾಲದಲ್ಲಿ ಕೆಟ್ಟ ವರ್ಷಗಳಿದ್ದವು, ಬರಿದಾದ ವರ್ಷ ಇರಲಿಲ್ಲ. ಆ ಕಾಲವನ್ನು ಈ ತಾಯಿ ಮತ್ತೆ ತರುತ್ತಾರೆ.” ಚಪ್ಪಾಳೆ. ಪೇಟದವರದೇ ಜೋರು.

ಅಕ್ಕಾರು ಎದ್ದರು. ಇಂಗ್ಲಿಷಿನಲ್ಲಿ ಆಡಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. “ನಿಮ್ಮ ತಂದೆಯ ಕಾಲದಲ್ಲಿ ಬರಿದಾದ ವರ್ಷ ಏಕೆ ಇರಲಿಲ್ಲ ಎಂದರೆ ಆಗ ಈ ನದಿಯ ಮೀನುಗಳು ಒಂದೇ ತರಹ ಇರಲಿಲ್ಲ. ಬೇಗ ಬರುವವು, ತಡವಾಗಿ ಬರುವವು, ಸಮುದ್ರದಲ್ಲಿ ಒಂದು ವರ್ಷ ಇದ್ದವು, ಮೂರು ವರ್ಷ ಇದ್ದವು. ನಾನು ಅವನ್ನೆಲ್ಲ ಒಂದೇ ತರಹ ಮಾಡಿದೆ. ಬೇಗ ಬಂದವನ್ನು ಮಾತ್ರ ಹಿಡಿದೆ. ಏಕೆ ಎಂದು ನೀವು ಕೇಳಬೇಕು. ದೀಪಾವಳಿಗೆ ಮನೆಗೆ ಹೋಗುವ ಅವಸರವಿತ್ತು, ಅದಕ್ಕೆ. ಬೇರೆ ಯಾವ ಕಾರಣವೂ ಇರಲಿಲ್ಲ. ಗುಡ್ಡದ ಹಳ್ಳದಲ್ಲಿ ಉಳಿದಿರುವುದನ್ನು ದಯವಿಟ್ಟು ಮುಟ್ಟಬೇಡಿ. ಮತ್ತೆ, ಈ ಕಟ್ಟಡಕ್ಕೆ ನನ್ನ ಹೆಸರು ಬೇಡ.” ಇಷ್ಟು ಹೇಳಿ ಕೂತರು. ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡರು.

ಹಿಂದಿನಿಂದ ಯಾರೋ ಕುರ್ಚಿ ಸರಿಸಿ ಹೊರಗೆ ನಡೆದರು. ಮುದುಕರ ಮುಖ ಕೆಂಪೇರಿತ್ತು. ಅವರು ಅಕ್ಕಾರ ಕಡೆ ತಿರುಗಿಯೂ ನೋಡದೆ, ಚಹಾ ಸಿದ್ಧವಿದೆ ಎಂದಷ್ಟೇ ಹೇಳಿ ಇಳಿದುಬಿಟ್ಟರು. ನಮ್ಮ ಎರಡು ಸಾಲಿನವರು ಪೇಟ ಹೊತ್ತ ತಲೆಗಳನ್ನು ತಗ್ಗಿಸಿಕೊಂಡು ಕೂತಿದ್ದೆವು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ವಾಪಸು ಬರುವಾಗ ಕೋಚಿನಲ್ಲಿ ಯಾರೂ ಅಕ್ಕಾರ ಪಕ್ಕ ಕೂರಲು ಮುಂದೆ ಬರಲಿಲ್ಲ, ನಾನು ಕೂತೆ. ಬೋಲ್ಟನ್ ದಾಟಿತು. ಆಮೇಲೆ ಸಂಘದ ಅಧ್ಯಕ್ಷರು ಸೀಟು ಹಿಡಿದುಕೊಂಡು ಮುಂದೆ ಬಂದರು. ಒಳ್ಳೆಯ ಮನುಷ್ಯರು, ಹೃದಯದ ಡಾಕ್ಟರು.

“ಅಕ್ಕಾರೆ, ತಪ್ಪಾಯ್ತು ಅಂತ ಹೇಳಿದ್ರಿ, ಸರಿ. ದೀಪಾವಳೀನ ಯಾಕೆ ಎಳೆದು ತಂದ್ರಿ? ಬಿಳಿಯರ ಮುಂದೆ? ನಾಳೆ ಇಂಡಿಯನ್ಸ್ ಹಬ್ಬದಿಂದ ಮೀನು ಹೋಯ್ತು ಅಂತಾರೆ. ಸ್ಟಾಫ್ ಕಡಿಮೆ ಇತ್ತು ಅಂದಿದ್ರೆ ಸಾಕಾಗಿತ್ತು.”

“ಸ್ಟಾಫ್ ಇದ್ದರಪಾ. ಅವರನ್ನ ಮನಿಗೆ ಕಳಿಸಿದಾಕಿ ನಾನ,” ಎಂದರು ಅಕ್ಕಾರು. ಸಂಘದವರ ಮುಂದೆ ಅವರು ಧಾರವಾಡದ ಭಾಷೆಯಲ್ಲಿ ಮಾತಾಡಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

ಟ್ರಸ್ಟಿನವರು ಕೊನೆಗೆ ಗುಡ್ಡದ ಹಳ್ಳವನ್ನು ಯೋಜನೆಯಿಂದ ಕೈಬಿಟ್ಟರು ಎಂದು ತಿಳಿಯಿತು. ಹ್ಯಾಚರಿಯ ಬಾಗಿಲಿಗೆ ಹೆಸರೇ ಬೀಳಲಿಲ್ಲ. ನಮ್ಮ ಸಂಘದಲ್ಲಿ ಆ ವರ್ಷದ ದೀಪಾವಳಿಗೆ ದೀಪ ಹಚ್ಚಲು ಬೇರೆಯವರನ್ನು ಕರೆದರು. ಅಕ್ಕಾರು ಬಂದರು, ಹಿಂದಿನ ಸಾಲಿನಲ್ಲಿ ಕೂತರು, ಯಾರೋ ಹೋಟೆಲಿನಿಂದ ತರಿಸಿದ ಹೋಳಿಗೆ ತಿಂದು ಚೆನ್ನಾಗಿದೆ ಎಂದರು. ನೀವು ಯಾಕೆ ಬಂದಿರಿ, ನನಗಾದರೆ ಆಗುತ್ತಿರಲಿಲ್ಲ ಎಂದೆ. “ನಾಚಿಕಿ ಆಗೇತಂತ ಮನ್ಯಾಗ ಕುಂತ್ರ ಅದು ಇನ್ನೂ ದೊಡ್ಡದಾಗತೈತಿ. ಮಂದ್ಯಾಗ ಬಂದ್ರ ಅದಕ್ಕೂ ಜಾಗಾ ಕಡಿಮಿ ಬೀಳತೈತಿ,” ಎಂದು ನಕ್ಕರು. ಆದರೆ ಎಲ್ಲರ ಊಟ ಮುಗಿಯುವ ಮೊದಲೇ ಹೊರಟುಬಿಟ್ಟಿದ್ದರು.

ಹೋದ ಫೆಬ್ರವರಿಯಲ್ಲಿ ಅಕ್ಕಾರು ಹೋದರು. ಎದೆನೋವು, ಆಸ್ಪತ್ರೆ, ಎರಡೇ ದಿನ. ಲಿಂಗಾಯತರಲ್ಲಿ ಸುಡುವುದಿಲ್ಲ. ಕೂರಿಸಿ ಮಣ್ಣು ಮಾಡುವುದು ಅವರ ಪದ್ಧತಿ, ಇಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಿಯೇ ಮಾಡಬೇಕಾಯಿತು. ಮಗ ಹಣೆಗೆ ವಿಭೂತಿ ಹಚ್ಚಿದ. ಬಹಳ ಜನ ಬಂದಿದ್ದರು. ಕ್ಲಬ್ಬಿನ ಕೆಲವರು, ಆ ಬಲೆಯ ಮನೆಯ ಮುದುಕರೂ ಕೋಲೂರಿಕೊಂಡು ಬಂದಿದ್ದರು. ಅಧ್ಯಕ್ಷರು ಇಂಗ್ಲಿಷಿನಲ್ಲಿ ಮಾತಾಡಿದರು. ನದಿಗೆ ಮೀನು ತುಂಬಿಸಿದ ಮಹಾತಾಯಿ, ಸಂಘದ ಕಣ್ಮಣಿ ಎಂದರು. ಚರ್ಚ್ ಹಾಲಿನ ದಿನದ ಬಗ್ಗೆ ತುಟಿ ಬಿಚ್ಚಲಿಲ್ಲ. ಆಮೇಲೆ ಪಕ್ಕದ ಮನೆಯವಳು ಎಂದು ನನಗೆ ಕನ್ನಡದಲ್ಲಿ ಎರಡು ಮಾತಾಡಲು ಹೇಳಿದರು.

ನಾನು ಹೇಳಿದೆ. ಅಕ್ಕಾರು ಒಂದು ತಪ್ಪು ಮಾಡಿದ್ದರು, ನಮಗೆ ಹೋಳಿಗೆ ಮಾಡಿಕೊಡುವ ಅವಸರದಲ್ಲಿ ಮಾಡಿದ್ದರು, ಅದನ್ನು ತಮ್ಮ ಹೆಸರು ಬರೆಯಲು ಹೊರಟವರ ಮುಂದೆಯೇ ಒಪ್ಪಿಕೊಂಡರು, ನಾವು ಅವತ್ತು ತಲೆ ತಗ್ಗಿಸಿದ್ದು ಅವರ ತಪ್ಪಿಗಲ್ಲ, ಅವರು ನಿಜ ಹೇಳಿದ್ದಕ್ಕೆ ಎಂದೆ. ಅಧ್ಯಕ್ಷರು ಬೂಟಿನ ತುದಿಯಿಂದ ಮಣ್ಣು ಕೆದಕುತ್ತ ನಿಂತಿದ್ದರು. ನನ್ನ ಬಗ್ಗೆ ನನಗೇ ಒಂದು ಕ್ಷಣ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಜನ ಕಾರುಗಳ ಕಡೆ ಹೊರಟಾಗ ಮುದುಕರು ನನ್ನ ಬಳಿ ಬಂದರು. “ಕನ್ನಡದಲ್ಲಿ ಏನು ಹೇಳಿದಿರಿ? ಎಲ್ಲರೂ ಸುಮ್ಮನಾದರು,” ಎಂದು ಕೇಳಿದರು. ಆ ದಿನ ಹಾಲಿನಲ್ಲಿ ಅಕ್ಕಾರು ಹೇಳಿದ್ದನ್ನೇ ನೆನಪಿಸಿದೆ ಎಂದೆ. ತಪ್ಪು ಒಪ್ಪಿಕೊಂಡಿದ್ದು, ಹಳ್ಳ ಉಳಿಸಿದ್ದು, ಎಲ್ಲ ಇಂಗ್ಲಿಷಿನಲ್ಲಿ ಹೇಳಿದೆ. “ವರ್ಷದ ಆ ಹೊತ್ತಿಗೆ ಅವರಿಗೆ ಬೇರೆ ಕೆಲಸಗಳ ಒತ್ತಡ ಇರುತ್ತಿತ್ತು, ಅದರಿಂದ ಪಂಜರ ಬೇಗ ಎತ್ತಿಸುತ್ತಿದ್ದರು,” ಎಂದೂ ಹೇಳಿದೆ.

ಅವರು ತಲೆಯಾಡಿಸಿದರು. ಹೊರಡಲು ತಿರುಗಿದವರು ಮತ್ತೆ ನಿಂತರು.

“ದೀಪಾವಳಿಗೆ,” ಎಂದರು, ಮೆಲ್ಲಗೆ, ಉಚ್ಚಾರ ತಪ್ಪದಂತೆ ಎಚ್ಚರದಿಂದ. “ದೀಪಾವಳಿಗೆ ಮನೆಗೆ ಹೋಗಬೇಕಿತ್ತು ಎಂದರು ಅವರು. ನಾನು ಆ ದಿನ ಬಹಳ ಕೋಪ ಮಾಡಿಕೊಂಡಿದ್ದೆ. ಆಮೇಲೆ ಯೋಚಿಸಿದೆ. ಬೇರೆ ಯಾರೇ ಆಗಿದ್ದರೂ ಕೆಲಸದ ಒತ್ತಡ ಎನ್ನುತ್ತಿದ್ದರು. ಆಗ ನಾನು ನಂಬುತ್ತಿರಲಿಲ್ಲ, ಮರಿಗಳನ್ನು ಆ ಹಳ್ಳಕ್ಕೂ ಬಿಟ್ಟೇ ಬಿಡುತ್ತಿದ್ದೆ.”

ನನ್ನ ಕಿವಿಗಳು ಕಾದವು. ನನ್ನವರ ಮುಂದೆ ಅಷ್ಟು ಧೈರ್ಯವಾಗಿ ಆಡಿದ ಮಾತನ್ನು ಒಬ್ಬ ಹೊರಗಿನವರ ಮುಂದೆ ನುಂಗಿದ್ದೆ. ಅಕ್ಕಾರ ಮೇಲೆ ಹಾಕಿದ ಮಣ್ಣು ಇನ್ನೂ ಹಸಿಯಾಗಿತ್ತು.

“ಹೌದು, ದೀಪಾವಳಿಗೇ,” ಎಂದೆ. ಆ ಒಂದು ಮಾತು ಹೇಳಲು ನನ್ನ ನಾಲಗೆ ಎಷ್ಟು ಭಾರವಾಗಿತ್ತೆಂದರೆ, ತುಂಬಿದ ಹಾಲಿನಲ್ಲಿ ಎದ್ದು ನಿಂತು ಅವರು ಅದನ್ನು ಹೇಗೆ ಹೇಳಿದರೋ ನನಗೆ ಇವತ್ತಿಗೂ ತಿಳಿದಿಲ್ಲ.